ಕೆಆರ್‌ಎಸ್ ಮೀನಿನಲ್ಲೂ ಟ್ರೌಟ್‌ನಷ್ಟು ಒಮೆಗಾ-3 ಇರುತ್ತಾ?

ಟ್ರೌಟ್ ಥರದ ತಣ್ಣೀರಿನ ಮೀನಲ್ಲಿ ಒಮೆಗಾ-3 ಜಾಸ್ತಿ ಅಂತಾರೆ, ಮಂಡ್ಯದಲ್ಲಿ ಸಿಗೋ ಕಟ್ಲಾ, ರೋಹುನಲ್ಲೂ ಅಷ್ಟೇ ಇರುತ್ತಾ ಅಂತ ಕೇಳಿದ್ದೀರಿ. ಇರುತ್ತದೆ, ಆದರೆ ಅಷ್ಟಿಲ್ಲ.

ಕಾರಣ ಚಳಿ. ಮೀನಿನ ಮೈ ಹೆಚ್ಚುಕಮ್ಮಿ ನೀರಿನಷ್ಟೇ ತಣ್ಣಗಿರುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತೆ ಅಲ್ವಾ? ಜೀವಕೋಶದ ಪೊರೆಯ ಕೊಬ್ಬು ಹಾಗಾದರೆ ಮೀನು ಬದುಕಲ್ಲ. ಒಮೆಗಾ-3 ಅಷ್ಟು ಸುಲಭಕ್ಕೆ ಗಟ್ಟಿಯಾಗುವ ಕೊಬ್ಬಲ್ಲ. ಅದಕ್ಕೇ ತಣ್ಣೀರಿನ ಮೀನು ಅದನ್ನು ಪೊರೆಗಳಲ್ಲಿ ಜಾಸ್ತಿ ಇಟ್ಟುಕೊಳ್ಳುತ್ತದೆ. ಹೊಳೆಯಲ್ಲಿ ತಾನೇ ಬೆಳೆದ ರೇನ್‌ಬೋ ಟ್ರೌಟ್‌ನ 100 ಗ್ರಾಂ ಮಾಂಸದಲ್ಲಿ ಇಪಿಎ, ಡಿಎಚ್‌ಎ (ಮೀನಲ್ಲಿ ಸಿಗೋ ಎರಡು ಮುಖ್ಯ ಒಮೆಗಾ-3 ಕೊಬ್ಬುಗಳು) ಎರಡೂ ಸೇರಿ ಅರ್ಧ ಗ್ರಾಂ ಆಸುಪಾಸು ಸಿಗುತ್ತದೆ. ಕನ್ನಂಬಾಡಿ ನೀರಿಗೆ ಅಂಥ ಚಳಿ ಎಲ್ಲಿಂದ ಬರಬೇಕು!

ಮೇವೂ ಮುಖ್ಯ. ಒಮೆಗಾ-3 ಮೊದಲು ತಯಾರಾಗೋದು ಪಾಚಿಯಲ್ಲಿ. ಅದನ್ನು ತಿಂದ ಹುಳಹುಪ್ಪಟೆ ಮೂಲಕ ಮೀನಿಗೆ ಬರುತ್ತದೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿ ಸಾಕಿದ ಮೀನಲ್ಲಿ ಒಮೆಗಾ-6 ಅನ್ನೋ ಇನ್ನೊಂದು ಬಗೆಯ ಕೊಬ್ಬಿನ ಪಾಲು ಹೆಚ್ಚುತ್ತದೆ.

ಒಮೆಗಾ-3ಗೋಸ್ಕರವೇ ತಿನ್ನೋದಾದರೆ ಮೈಸೂರಲ್ಲಿ ಸಿಗೋ ಬೂತಾಯಿ, ಬಂಗುಡೆ ಕೊಳ್ಳಿ. ಟ್ರೌಟ್ ಹುಡುಕೋದು ಸುಮ್ನೆ ದುಡ್ಡು ದಂಡ. ಕಟ್ಲಾನೇ ಇಷ್ಟ ಅಂದ್ರೆ ತಲೆ, ಹೊಟ್ಟೆ ಭಾಗ ಕೇಳಿ ಹಾಕಿಸಿಕೊಳ್ಳಿ, ಕೊಬ್ಬು ಜಾಸ್ತಿ ಇರೋದು ಅಲ್ಲೇ. ಸಾರು ಮಾಡಿದರೆ ಕರಗಿದ ಕೊಬ್ಬೂ ಮುದ್ದೆ ಜೊತೆ ಹೊಟ್ಟೆ ಸೇರುತ್ತದೆ. ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದರೆ ಮೀನಿನ ಕೊಬ್ಬು ಬಾಣಲೆಗೆ, ಎಣ್ಣೆಯ ಒಮೆಗಾ-6 ಮೀನಿಗೆ.