ಪಶುಪಾಲಕರ ಪ್ರಶ್ನೆ: ಕರುವಿನ ಹೊಕ್ಕುಳ ಬಳ್ಳಿಯೊಳಗೆ ಏನಿದೆ?

ಪ್ರಶ್ನೆ: ನಮ್ಮ ಎಚ್.ಎಫ್. (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಮೊನ್ನೆ ಈಯಿತು. ಕರುವಿನ ಬಳ್ಳಿ ತಾನಾಗಿಯೇ ಹರಿದು ಎರಡು ಎಳೆ ನೇತಾಡುತ್ತಿವೆ, ರಕ್ತವೇನೂ ಬರಲಿಲ್ಲ. ದಾರ ಕಟ್ಟಬೇಕಿತ್ತೇ? ಹೋದ ಮಳೆಗಾಲದ ಕರುವಿಗೆ ಹೊಕ್ಕುಳು ಊದಿ, ಆಮೇಲೆ ಮಂಡಿ ಊದಿ ಸತ್ತುಹೋಯಿತು.
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ರಕ್ತ ಸೋರದಿದ್ದರೆ ದಾರ ಬೇಡ. ಬಳ್ಳಿಯಲ್ಲಿ ಎರಡು ಅಪಧಮನಿ, ಎರಡು ಅಭಿಧಮನಿ, ಜೊತೆಗೆ ಮೂತ್ರಕೋಶದಿಂದ ಬರುವ ಒಂದು ನಾಳ ಇರುತ್ತವೆ. ಬಳ್ಳಿ ಹರಿದ ಕೂಡಲೇ ಅಪಧಮನಿಗಳೂ ಮೂತ್ರದ ನಾಳವೂ ರಬ್ಬರಿನಂತೆ ಹೊಟ್ಟೆಯೊಳಕ್ಕೆ ಸರಿದು ಮುದುಡಿಕೊಳ್ಳುತ್ತವೆ. ರಕ್ತ ಬಾರದಿದ್ದುದು ಅದರಿಂದಲೇ. ನೀವು ಕಂಡ ಎರಡು ಎಳೆ ಅಭಿಧಮನಿಗಳು. ತೊಂದರೆ ಶುರುವಾಗುವುದು ಇಲ್ಲಿಂದ.

ಗರ್ಭದಲ್ಲಿ ಕರುವಿನ ಶ್ವಾಸಕೋಶಕ್ಕೆ ಕೆಲಸವಿಲ್ಲ. ಆಮ್ಲಜನಕ ತುಂಬಿದ ರಕ್ತ ಕಸದಿಂದ (ಮಾಸಿನಿಂದ) ಈ ಅಭಿಧಮನಿಗಳ ಮೂಲಕ ಬರುತ್ತದೆ. ಹೊಟ್ಟೆಯೊಳಗೆ ಎರಡೂ ಸೇರಿ ಒಂದಾಗಿ ನೇರ ಲಿವರ್‌ಗೆ ಹೋಗುತ್ತವೆ. ಅಲ್ಲಿ ಒಂದಿಷ್ಟು ರಕ್ತ ಲಿವರ್ ಒಳಗೆ ಹರಿದರೆ, ಉಳಿದದ್ದು ಒಂದು ಅಡ್ಡದಾರಿಯ ನಾಳದಿಂದ ಮಹಾ ಅಭಿಧಮನಿ ಸೇರಿ ಹೃದಯ ಮುಟ್ಟುತ್ತದೆ. (ಹಸು, ಕುರಿ, ಮೇಕೆಗಳಲ್ಲಿ ಈ ಅಡ್ಡದಾರಿ ಈಯುವವರೆಗೂ ಇರುತ್ತದೆ, ಕುದುರೆಯಲ್ಲಿ ಮೊದಲೇ ಮುಚ್ಚಿಹೋಗಿರುತ್ತದೆ.) ಹೃದಯದ ಬಲ, ಎಡ ಹೃತ್ಕರ್ಣಗಳ ನಡುವಿನ ಕಿಂಡಿ, ಶ್ವಾಸಕೋಶದ ಅಪಧಮನಿಯಿಂದ ಮಹಾಪಧಮನಿಗೆ ಹಾಯುವ ಮತ್ತೊಂದು ನಾಳ, ಇವೆರಡೂ ರಕ್ತವನ್ನು ಶ್ವಾಸಕೋಶ ಬಿಟ್ಟು ದಾಟಿಸುತ್ತವೆ. ಕರು ಮೊದಲ ಉಸಿರೆಳೆದಾಗ ಶ್ವಾಸಕೋಶ ಅರಳಿ ಎಡ ಹೃತ್ಕರ್ಣದ ಒತ್ತಡ ಏರುತ್ತದೆ, ಕಿಂಡಿಯ ಪದರ ಮುಚ್ಚಿಕೊಳ್ಳುತ್ತದೆ.

ಹೊಕ್ಕುಳಿನ ಅಭಿಧಮನಿ ಮಾತ್ರ ಅಷ್ಟು ಬೇಗ ಮುಚ್ಚುವುದಿಲ್ಲ. ಬಳ್ಳಿ ಒಣಗುವ ತನಕ ಅದು ಲಿವರ್‌ಗೆ ತೆರೆದ ಪೈಪು. ಸೊಪ್ಪು ಹಾಸಿದ ಕೊಟ್ಟಿಗೆಯಲ್ಲಿ ಮಳೆಗಾಲದ ಗಂಜಲ, ಸಗಣಿ ತಾಗಿದರೆ ಕ್ರಿಮಿ ಅದರೊಳಗೆ ಏರಿ, ಲಿವರ್ ಮುಟ್ಟಿ, ರಕ್ತದ ಜೊತೆ ಕೀಲಿಗೆ ಇಳಿಯುತ್ತದೆ. ನೀವು ಹೇಳಿದ ಮಂಡಿ ಊತ ಹೀಗೆಯೇ ಬಂದಿರುವ ಸಂಭವ ಹೆಚ್ಚು.

ಮಾಡಬೇಕಾದ್ದು ಇಷ್ಟು. ಚಿಕ್ಕ ಪ್ಲಾಸ್ಟಿಕ್ ಲೋಟದಲ್ಲಿ ಶೇ. 7ರ ಟಿಂಚರ್ ಅಯೋಡಿನ್ ಹಾಕಿ, ಈದ ಅರ್ಧ ಗಂಟೆಯೊಳಗೆ ಇಡೀ ಬಳ್ಳಿ ಮುಳುಗುವಂತೆ ಲೋಟವನ್ನು ಹೊಟ್ಟೆಯ ಚರ್ಮಕ್ಕೆ ಒತ್ತಿ ಅರ್ಧ ನಿಮಿಷ ಹಿಡಿಯಿರಿ. 12 ಗಂಟೆ ಬಿಟ್ಟು ಇನ್ನೊಮ್ಮೆ. ಟಿಂಚರ್‌ನಲ್ಲಿರುವ ಸ್ಪಿರಿಟ್ ಬಳ್ಳಿಯನ್ನು ಒಣಗಿಸುತ್ತದೆ. ಸ್ಪಿರಿಟ್ ಇಲ್ಲದ ಪೊವಿಡೋನ್ ಅಯೋಡಿನ್ ಒಂದೇ ಇದ್ದರೆ ಮತ್ತಷ್ಟು ಸಲ ಅದ್ದಿ. ಲೋಟದಲ್ಲಿ ಉಳಿದದ್ದನ್ನು ಇನ್ನೊಂದು ಕರುವಿಗೆ ಬಳಸಬೇಡಿ. ಅರಿಶಿನ, ಬೂದಿ ಮೇಲೆ ಅಂಟುತ್ತವೆಯೇ ಹೊರತು ನಾಳದೊಳಗೆ ಇಳಿಯುವುದಿಲ್ಲ. ರಕ್ತ ನಿಲ್ಲದೆ ಸೋರಿದರೆ ಮಾತ್ರ ಅಯೋಡಿನ್‌ನಲ್ಲಿ ನೆನೆಸಿದ ದಾರದಿಂದ ಹೊಟ್ಟೆಯಿಂದ ಎರಡು ಬೆರಳು ಕೆಳಗೆ ಕಟ್ಟಿ.

ದಿನಾ ಹೊಕ್ಕುಳು ಮುಟ್ಟಿ ನೋಡಿ. ಒಣಗಿದ ಕಡ್ಡಿಯಂತಿದ್ದರೆ ಸರಿ. ಹೆಬ್ಬೆರಳಿನಷ್ಟು ದಪ್ಪಗೆ, ಬಿಸಿಯಾಗಿ, ಒತ್ತಿದರೆ ಕರು ಹೊಟ್ಟೆ ಬಿಗಿದರೆ ಸೋಂಕು ತಗಲಿದೆ. ಗಟ್ಟಿ ಹುರಿ ಎದೆಯ ಕಡೆಗೆ ಸಿಕ್ಕರೆ ಅಭಿಧಮನಿ, ಹಿಂದೆ ಮೂತ್ರಕೋಶದ ಕಡೆಗಾದರೆ ಅಪಧಮನಿ ಅಥವಾ ಮೂತ್ರನಾಳ. ಅದೇ ದಿನ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಮನೆಯಲ್ಲಿ ಬ್ಲೇಡ್ ಹಾಕಲೇಬೇಡಿ; ಅದು ಕೀವಲ್ಲದೆ ಕರುಳು ಇಳಿದ ಹರ್ನಿಯಾ ಆಗಿರಬಹುದು.

ಪ್ರಶ್ನೆ: ಹಿಂಗಾಲು ಮುಂದಾಗಿ ಬಂದ ಕರುವನ್ನು ಏಕೆ ಬೇಗ ಎಳೆಯಬೇಕು?
– ಓದುಗರು, ಕಡೂರು

ಉತ್ತರ: ಹಾಗೆ ಬಂದಾಗ ತಲೆ ಇನ್ನೂ ಒಳಗಿರುವಾಗಲೇ ಬಳ್ಳಿ ತಾಯಿಯ ಸೊಂಟದ ಮೂಳೆಗೆ ಅದುಮಿ ರಕ್ತ ನಿಲ್ಲುತ್ತದೆ. ಕರು ಉಸಿರೆಳೆದರೆ ಒಳಗಿನ ನೀರು ಕುಡಿಯುತ್ತದೆ. ದಾರಿ ಪೂರ್ತಿ ಸಡಿಲವಾಗುವ ಮುನ್ನ ಎಳೆಯಬೇಡಿ, ಆದರೆ ಕರುವಿನ ಸೊಂಟ ಹೊರಬಂದ ಮೇಲೆ ನಿಲ್ಲಿಸಬೇಡಿ.

ಪ್ರಶ್ನೆ: ಹೋರಿಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರುವನ್ನು ಸಾಕಬಹುದೇ?
– ಓದುಗರು, ಅರಕಲಗೂಡು

ಉತ್ತರ: ಹಾಲಿಗಾಗಿಯಾದರೆ ಪರೀಕ್ಷೆ ಮಾಡಿಸದೆ ಬೇಡ. ಹಸುವಿನ ಅವಳಿಗಳ ಕಸದ ರಕ್ತನಾಳಗಳು ಗರ್ಭದ ಆರಂಭದಲ್ಲೇ ಕೂಡಿಕೊಂಡು, ಗಂಡಿನ ಹಾರ್ಮೋನು ಹೆಣ್ಣಿನ ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. ಇಂಥ ಹತ್ತರಲ್ಲಿ ಒಂಬತ್ತು ಗೊಡ್ಡು. ಮೊದಲ ತಿಂಗಳಲ್ಲೇ ವೈದ್ಯರು ಯೋನಿಯ ಆಳ ಅಳೆದು ಹೇಳಬಲ್ಲರು. ಕುರಿ, ಮೇಕೆಗಳಲ್ಲಿ ನಾಳ ಕೂಡುವುದು ಅಪರೂಪ, ಅವಳಿ ಹೆಣ್ಣುಮರಿ ಇಟ್ಟುಕೊಳ್ಳಿ.