ಕುಮಟಾ ನಾಲ್ಕು ಮಾತ್ರೆ, ಕಾರವಾರ ಮೂರು ಮೂರು

ಸಹಕಾರಿ ಸಂಘವೊಂದರಲ್ಲಿ ದಿನವಿಡೀ ಲೆಕ್ಕ ಬರೆಯುವ ತಮಗೆ ಕವಿತೆಗೂ ಹಾಡಿಗೂ ಸ್ಫೂರ್ತಿ ಎಲ್ಲಿಂದ ಸಿಗಬೇಕು, ಕಡಲು ಕಾಡುಗಳ ನಡುವೆ ಇರುವ ಉತ್ತರ ಕನ್ನಡದವರಿಗಾದರೆ ಅದು ಸುಲಭವಲ್ಲವೇ ಎಂದು ನೀವು ಕೇಳಿದ್ದೀರಿ. ಎರಡನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ಶಿರಸಿ ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ಕೆಲಸದ ನಿಮಿತ್ತ ಕಾರವಾರದಲ್ಲಿ ನೆಲೆಸಿರುವ ನಾನು ಮೊದಲ ಏಳೆಂಟು ವರ್ಷ ಸಂಜೆಯಾದರೆ ಕಡಲ ದಂಡೆಗೆ ಹೋಗಿ ಕೂತು, ತೆರೆ, ಬೆಳದಿಂಗಳು, ದೂರದ ದೋಣಿಯ ದೀಪ ಎಂದೆಲ್ಲ ಬರೆದು ಒಂದು ನೋಟುಬುಕ್ಕು ತುಂಬಿಸಿದೆ. ಇಟ್ಟುಕೊಳ್ಳುವಂಥ ಒಂದು ಸಾಲೂ ಅದರಲ್ಲಿಲ್ಲ. ಕಾರವಾರವನ್ನು ಕಂಡೇ ಇಲ್ಲದವರೂ ಅವನ್ನು ಬರೆಯಬಹುದಿತ್ತು.

ಆ ದಂಡೆಗೆ ಈಗ ರವೀಂದ್ರನಾಥ ಟಾಗೋರರ ಹೆಸರಿದೆ. 1883ರ ಸುಮಾರಿಗೆ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದ ತರುಣ ಕವಿ ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಮರಳುವಾಗ ದೋಣಿಯಿಂದಿಳಿದು ಉಸುಕಿನ ಮೇಲೆ ನಡೆದು ಮನೆ ಸೇರಿ, ಆಗಲೇ ಕೂತು ಒಂದು ಕವಿತೆ ಬರೆದರು. ನನಗೆ ಕವಿತೆಗಿಂತ ಮುಖ್ಯವಾಗಿ ಕಂಡದ್ದು, ಎಷ್ಟೋ ವರ್ಷಗಳ ನಂತರ ಆ ರಾತ್ರಿಯನ್ನು ನೆನೆಯುತ್ತ ಅವರು ಹೇಳಿದ ಮಾತು: ಭಾವ ತುಂಬಿ ಉಕ್ಕುವ ಹೊತ್ತೇ ಬರೆಯಲು ಒಳ್ಳೆಯ ಹೊತ್ತು ಎನ್ನಲಾಗದು, ತೀರ ಹತ್ತಿರವಿದ್ದದ್ದು ನಮ್ಮನ್ನು ಕಟ್ಟಿಹಾಕುತ್ತದೆ, ಕಾವ್ಯದ ಬಣ್ಣವನ್ನು ಸರಿಯಾಗಿ ಹಚ್ಚುವುದು ನೆನಪು ಎಂಬರ್ಥದ ಮಾತು ಅದು. ದಂಡೆಯ ಮೇಲೆ ಕೂತೇ ದಂಡೆಯ ಬಗ್ಗೆ ಬರೆಯುತ್ತಿದ್ದ ನನಗೆ ಇದು ಸ್ವಲ್ಪ ತಡವಾಗಿ ಅರ್ಥವಾಯಿತು.

ನನ್ನ ಮೊದಲ ಪರವಾಗಿಲ್ಲ ಎನ್ನಬಹುದಾದ ಹಾಡು ಹುಟ್ಟಿದ್ದು ಅಡಿಕೆ ಸುಲಿಯುವ ಜಗಲಿಯಿಂದ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲದಲ್ಲಿ ನಮ್ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಸುಲಿಯುವ ಕೆಲಸ ಶುರುವಾಗುತ್ತಿತ್ತು. ಆಯಿ (ಅಮ್ಮ) ಹೆಬ್ಬೆರಳಿಗೆ ಹಳೆ ಸೀರೆಯ ಚೂರು ಸುತ್ತಿಕೊಂಡು, ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಡಿ ಒತ್ತಿ ಹಿಡಿದು, ಕೈಯ ಕಡೆ ನೋಡದೆಯೇ ಸುಲಿಯುತ್ತಿದ್ದಳು. ಅಡಿಕೆ ಬುಟ್ಟಿಗೆ ಬಿದ್ದ ಸದ್ದಿನಿಂದಲೇ ಬುಟ್ಟಿ ಎಷ್ಟು ತುಂಬಿತೆಂದು ಅವಳಿಗೆ ತಿಳಿಯುತ್ತಿತ್ತು. ಬೆರಳಿಗೆ ಹತ್ತಿದ ಕಪ್ಪು ಎಷ್ಟು ತಿಕ್ಕಿದರೂ ವಾರಗಟ್ಟಲೆ ಹೋಗುತ್ತಿರಲಿಲ್ಲ. ನಾನು ಬಾಯಿ ಬಿಟ್ಟು ನೋಡುತ್ತ ಕೂತರೆ "ಸಿಪ್ಪೆ ಅತ್ಲಾಗೆ ತಳ್ಳೋ" ಎಂದು ಗದರುತ್ತಿದ್ದಳು. ಆಗ ಅದರಲ್ಲಿ ಹಾಡು ಕಾಣಲಿಲ್ಲ, ನಿದ್ದೆ ಬರುತ್ತಿತ್ತು ಅಷ್ಟೇ. ಹದಿನೈದು ವರ್ಷದ ಮೇಲೆ, ಕಾರವಾರದ ಬಾಡಿಗೆ ಮನೆಯಲ್ಲಿ ಪತ್ರಿಕೆಯ ಅಡಿಕೆ ಧಾರಣೆಯನ್ನು ಸುಮ್ಮನೆ ಗಟ್ಟಿಯಾಗಿ ಓದುತ್ತಿದ್ದಾಗ (ಬಿಳಿಗೋಟು, ಕೆಂಪುಗೋಟು, ಕೋಕಾ, ತಟ್ಟಿಬೆಟ್ಟೆ, ಚಾಲಿ, ರಾಶಿ, ಓದಿ ನೋಡಿ, ಅಡಿಕೆ ಬಗೆಗಳ ಆ ಪಟ್ಟಿಯೇ ಅರ್ಧ ಹಾಡು) ಎರಡು ಸಾಲು ಬಂದವು:

ಸಿಪ್ಪೆ ರಾಶಿ ಆಯಿ ಬಳಿಗೆ,
ಸುಲಿದ ಅಡಿಕೆ ಪೇಟೆ ಕಡೆಗೆ.

ಪೇಟೆಯಲ್ಲಿ 'ರಾಶಿ' ಎಂದರೆ ಕೆಂಪಡಿಕೆಯ ಒಂದು ಬಗೆ, ಮನೆಯಲ್ಲಿ ಬರೀ ಗುಡ್ಡೆ. ಈ ಶ್ಲೇಷೆಯನ್ನು ನಾನು ಹುಡುಕಿಕೊಂಡು ಹೋಗಿರಲಿಲ್ಲ, ಕೆಲಸದ ಮಾತಿನಲ್ಲೇ ಅದು ಇತ್ತು. ಆದ್ದರಿಂದ ಈಗ ನಾನು ಟಿಪ್ಪಣಿ ಪುಸ್ತಕದಲ್ಲಿ ಭಾವನೆಗಳನ್ನು ಬರೆದುಕೊಳ್ಳುವುದಿಲ್ಲ. ಜನ ಕೆಲಸ ಮಾಡುತ್ತ ಆಡಿದ ಪದವನ್ನು, ಕೈ ಮಾಡಿದ ಒಂದು ಚಲನೆಯನ್ನು ಬರೆದು, ದಿನಾಂಕ ಹಾಕಿ ಬಿಟ್ಟುಬಿಡುತ್ತೇನೆ. ಕೆಲವು ತಿಂಗಳ ನಂತರ ಓದಿದಾಗಲೂ ಕಣ್ಣಿಗೆ ಕಟ್ಟಿದರೆ ಮುಂದುವರಿಸುತ್ತೇನೆ. ಹೆಚ್ಚಿನವು ಕಟ್ಟುವುದಿಲ್ಲ.

ಹಾಡಿಗೆ ಪದದ ಜೊತೆಗೆ ನಡೆಯೂ, ಅಂದರೆ ಲಯವೂ ಬೇಕಲ್ಲ, ಅದನ್ನು ನಾನು ಕಲಿತದ್ದು ಬಸ್ ನಿಲ್ದಾಣದಲ್ಲಿ. ರಜೆಗೆ ಊರಿಗೆ ಹೋಗಿ ಮರಳುವಾಗ ಶಿರಸಿಯಲ್ಲಿ ಕಂಡಕ್ಟರು "ಕುಮಟಾ, ಕುಮಟಾ, ಕುಮಟಾ" ಎಂದು ಕೂಗುತ್ತಾನೆ. ಎರಡು ಲಘು (ಒಂದೊಂದು ಮಾತ್ರೆ ಕಾಲದ ಗಿಡ್ಡ ಅಕ್ಷರ), ಒಂದು ಗುರು (ಎರಡು ಮಾತ್ರೆ ಕಾಲದ ಉದ್ದ ಅಕ್ಷರ), ನಾಲ್ಕು ಮಾತ್ರೆಯ ನೇರ ನಡೆ. ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಬಸ್ಸು ಬದಲಿಸುವಾಗ "ಕಾರವಾರ, ಕಾರವಾರ" ಎಂಬ ಕೂಗು. ಅದು ಮೂರು ಮೂರು ಮಾತ್ರೆಯಾಗಿ ಕುಣಿಯುತ್ತದೆ. ಮೇಲಿನ ಎರಡು ಸಾಲುಗಳನ್ನು ಎಣಿಸಿದರೆ ಅವೂ ಮೂರು ಮೂರರಲ್ಲೇ ಇವೆ. ಛಂದಸ್ಸಿನ ಪುಸ್ತಕ ಓದಬೇಡಿ ಎನ್ನುತ್ತಿಲ್ಲ, ಆದರೆ ಕಿವಿಗೆ ಮೊದಲು ಬಿದ್ದದ್ದು ಕೈಗೆ ಬೇಗ ಬರುತ್ತದೆ.

ಸಮಯ ಸಾಲದು ಎಂಬ ನಿಮ್ಮ ತೊಂದರೆಗೆ ಅಂಕೋಲೆಯ ದಿನಕರ ದೇಸಾಯಿಯವರನ್ನು ನೆನಪಿಸುತ್ತೇನೆ. ಹೋರಾಟ, ಶಿಕ್ಷಣ ಸಂಸ್ಥೆಗಳು, ಲೋಕಸಭೆ ಎಲ್ಲವನ್ನೂ ನಿಭಾಯಿಸಿದ ಅವರು ನಾಲ್ಕೇ ಸಾಲಿನ ಚುಟುಕಗಳನ್ನು ರಾಶಿ ರಾಶಿ ಬರೆದರು. ನಾಲ್ಕು ಸಾಲನ್ನು ತಲೆಯಲ್ಲೇ ತಿದ್ದಬಹುದು, ಅದಕ್ಕೆ ಮೇಜು ಬೇಕಿಲ್ಲ.

ಇನ್ನು ನಿಮ್ಮ ಲೆಕ್ಕದ ಪುಸ್ತಕ. ಕಿರ್ದಿ, ಖತಾವಣಿ, ಜಮಾ, ಬಾಕಿ ಎಂಬ ಪದಗಳ ನಡುವೆ ಕೂತು ಸ್ಫೂರ್ತಿ ಇಲ್ಲ ಎನ್ನುತ್ತಿದ್ದೀರಿ. ಪ್ರತಿ ಸಂಜೆ ನೀವು ದಿನದ ಕೊನೆಗೆ ಉಳಿದ ಮೊತ್ತವನ್ನು 'ಅಖೇರಿ ಶಿಲ್ಕು' ಎಂದು ಬರೆಯುತ್ತೀರಿ, ಮಾರನೆಯ ಬೆಳಿಗ್ಗೆ ಅದೇ ಮೊತ್ತವನ್ನು 'ಆರಂಭ ಶಿಲ್ಕು' ಎನ್ನುತ್ತೀರಿ. ಅಖೇರಿ ನಾಲ್ಕು ಮಾತ್ರೆ, ಶಿಲ್ಕು ಮೂರು. ಹಿಂದುಮುಂದು ಮಾಡಿದರೆ ಭಾಮಿನಿ ಷಟ್ಪದಿಯ ಮೂರು-ನಾಲ್ಕಿನ ನಡೆ. ನಾನಾಗಿದ್ದರೆ ಪಲ್ಲವಿಯನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದೆ.