ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್ ಆಗಿದ್ದೇನೆ, ಯಾರೂ ಏನೂ ಕಲಿಸುತ್ತಿಲ್ಲ. ಮುಂದೆ ಬರೋದು ಹೇಗೆ?

ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ್ದೀರಿ, ಕಾಲೇಜಿಗೆ ಒಂದು ಕಂಪನಿಯೂ ಬರಲಿಲ್ಲ, ಈಗ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಲೇತ್‌ಗೆ (ಪ್ರೋಗ್ರಾಂ ಪ್ರಕಾರ ಲೋಹವನ್ನು ತಿರುಗಿಸಿ ಕತ್ತರಿಸುವ ಮೆಷಿನ್) ಜಾಬ್, ಅಂದರೆ ಕತ್ತರಿಸಬೇಕಾದ ತುಂಡು, ಹಾಕಿ, ಬಾಗಿಲು ಮುಚ್ಚಿ, ಸೈಕಲ್ ಸ್ಟಾರ್ಟ್ ಒತ್ತೋದೇ ಕೆಲಸ ಅಂತ ಬರೆದಿದ್ದೀರಿ. ಟೂಲ್ ಹೊಂದಿಸಿ ಮೆಷಿನ್ ಸಿದ್ಧ ಮಾಡುವ ಸೆಟ್ಟರ್ ಹತ್ತಿರ ಕೇಳಿದರೆ "ನಿನಗ್ಯಾಕೆ ಅದೆಲ್ಲ" ಅಂತಾರೆ ಅಂದಿದ್ದೀರಿ. ನಾನೂ ಇದೇ ಪೀಣ್ಯಕ್ಕೆ ಆಪರೇಟರ್ ಆಗಿ ಬಂದವನು. ಈಗ ಪ್ರೋಗ್ರಾಮಿಂಗ್ ಮಾಡುತ್ತೇನೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಕಾಲೇಜು ಕಲಿಸಬೇಕಿತ್ತು, ಕಲಿಸಲಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಬಾಕಿಯನ್ನು ಈಗ ಯಾರೂ ತಂದು ತೀರಿಸಲ್ಲ. ಕಂಪನಿಗೆ ಬೇಕಿರೋದು ಶಿಫ್ಟ್‌ಗೆ ಇಷ್ಟು ಜಾಬ್ ಅಂತ. ನೀವು ವರ್ಷಗಟ್ಟಲೆ ಬಟನ್ ಒತ್ತುತ್ತಾ ಇದ್ದರೂ ಅವರಿಗೆ ನಷ್ಟವಿಲ್ಲ, ನಷ್ಟ ಪೂರ್ತಿ ನಿಮ್ಮದು. ಹಾಗಾಗಿ ಕಲಿಯುವ ಚಿಂತೆಯನ್ನೂ ನೀವೇ ಹೊರಬೇಕು. ಒಳ್ಳೆಯ ವಿಷಯ ಅಂದರೆ, ಕಲಿಯೋಕೆ ಬೇಕಾದ್ದು ಬಹುಪಾಲು ನಿಮ್ಮ ಮೆಷಿನ್ ಪಕ್ಕದಲ್ಲೇ ಬಿದ್ದಿದೆ.

ಇನ್‌ಸರ್ಟ್ (ಟೂಲ್ ತುದಿಗೆ ಹಾಕುವ, ಸವೆದರೆ ಬದಲಾಯಿಸುವ ಕತ್ತರಿಸುವ ತುಂಡು) ಬರುವ ಡಬ್ಬಿಯನ್ನೇ ತಗೊಳ್ಳಿ. ಮೇಲೆ ಸಿಎನ್‌ಎಂಜಿ 120408 ಅಂತ ಇರುತ್ತೆ. ದಿನಾ ನೋಡುತ್ತೀರಿ ಅಲ್ವಾ? ಮೊದಲ ಸಿ ಅಂದರೆ ಮೂಲೆ 80 ಡಿಗ್ರಿ. ಕೊನೆಯ 08 ಅಂದರೆ ತುದಿಯ ರೇಡಿಯಸ್ 0.8 ಮಿ.ಮೀ. ಅದೇ ಡಬ್ಬಿಯ ಮೇಲೆ ಕಟಿಂಗ್ ಸ್ಪೀಡ್, ಅಂದರೆ ಟೂಲ್ ಮುಂದೆ ಲೋಹ ಸರಿಯುವ ವೇಗ, ಕೂಡ ಕೊಟ್ಟಿರುತ್ತಾರೆ. ನಿಮಿಷಕ್ಕೆ 200 ಮೀಟರ್ ಅಂತಿದೆ, ಜಾಬ್ 50 ಮಿ.ಮೀ. ದಪ್ಪ ಇದೆ ಅಂದುಕೊಳ್ಳಿ. 200ನ್ನು 1000ದಿಂದ ಗುಣಿಸಿ, 3.14 ಮತ್ತು 50ರ ಗುಣಲಬ್ಧದಿಂದ ಭಾಗಿಸಿ. ಸುಮಾರು 1270 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಬರುತ್ತೆ. ಡಿಪ್ಲೊಮಾದಲ್ಲಿ ಪರೀಕ್ಷೆಗೆ ಉರು ಹೊಡೆದ ಸೂತ್ರವೇ ಇದು. ಈಗ ದಪ್ಪ 25ಕ್ಕೆ ಇಳಿದರೆ? ಅದೇ ಕಟಿಂಗ್ ಸ್ಪೀಡ್ ಇರಬೇಕಾದರೆ ಸುಮಾರು 2550 ಆರ್‌ಪಿಎಂ ಬೇಕು. ಫೇಸಿಂಗ್, ಅಂದರೆ ಜಾಬ್‌ನ ಮುಖ ಸಮ ಮಾಡುವಾಗ ಟೂಲ್ ಸೆಂಟರ್ ಕಡೆಗೆ ಹೋದ ಹಾಗೆ ಜಾಬ್ ತಿರುಗಿಸುವ ಸ್ಪಿಂಡಲ್ ಸದ್ದು ಏರುತ್ತಾ ಹೋಗೋದು ಇದಕ್ಕೇ. ಪ್ರೋಗ್ರಾಂನಲ್ಲಿ ಜಿ96 ಇರೋದೂ ಇದಕ್ಕೇ, ಕಟಿಂಗ್ ಸ್ಪೀಡ್ ಒಂದೇ ಇರಲಿ ಅಂತ ಹೇಳುವ ಕೋಡ್ ಅದು. ಅದಕ್ಕೂ ಮುಂಚೆ ಜಿ50 ಜೊತೆ ಒಂದು ಸಂಖ್ಯೆ ಇರುತ್ತೆ ನೋಡಿ, ಸ್ಪಿಂಡಲ್ ಅದಕ್ಕಿಂತ ಜೋರಾಗಿ ತಿರುಗಬಾರದು ಅಂತ ಹಾಕಿದ ಕಡಿವಾಣ ಅದು.

ಇಷ್ಟು ಯೋಚಿಸಿಕೊಂಡು ಸೆಟ್ಟರ್ ಹತ್ತಿರ ಹೋಗಿ. "ಅಣ್ಣಾ, ಪ್ರೋಗ್ರಾಂ ಕಲಿಸಿ" ಅಂದರೆ ಯಾರಿಗೂ ಪುರುಸೊತ್ತಿರಲ್ಲ. "ಅಣ್ಣಾ, ಟರ್ನಿಂಗ್‌ಗೆ ಜಿ96 ಇದೆ, ಡ್ರಿಲ್ಲಿಂಗ್‌ಗೆ ಮಾತ್ರ ಜಿ97 ಯಾಕೆ? ಡ್ರಿಲ್ ಸೆಂಟರ್‌ನಲ್ಲೇ ಇರುತ್ತೆ, ಅದಕ್ಕಾ?" ಅಂತ ಕೇಳಿ ನೋಡಿ. (ಜಿ97 ಅಂದರೆ ಆರ್‌ಪಿಎಂ ಬದಲಾಗದೆ ಒಂದೇ ಇರೋದು.) ಎರಡೇ ನಿಮಿಷದ ಮಾತು, ಅದೂ ಅರ್ಧ ಉತ್ತರ ನೀವೇ ಹೇಳಿದ್ದೀರಿ. ಇಂಥ ಪ್ರಶ್ನೆಗೆ ಗದರುವ ಸೆಟ್ಟರ್‌ಗಳು ಕಡಿಮೆ. ನನ್ನ ಕೈಕೆಳಗಿನ ಹುಡುಗರಲ್ಲಿ ಹೀಗೆ ಕೇಳುವವರಿಗೆ ನಾನು ಊಟ ಬಿಟ್ಟಾದರೂ ಹೇಳಿಕೊಡುತ್ತೇನೆ.

ಆಫ್‌ಸೆಟ್, ಅಂದರೆ ಟೂಲ್ ಸ್ಥಾನಕ್ಕೆ ಮೆಷಿನ್‌ನಲ್ಲಿ ಕೊಡುವ ತಿದ್ದುಪಡಿಯ ವಿಷಯವೂ ಹೀಗೇ. ಇನ್‌ಸರ್ಟ್ ಸವೆದಂತೆ ಹೊರ ಅಳತೆ ದಪ್ಪ ಆಗುತ್ತೆ, ಬೋರ್ (ಒಳಗಿನ ತೂತು) ಚಿಕ್ಕದಾಗುತ್ತೆ. 25.00 ಬರಬೇಕಾದ ಶಾಫ್ಟ್ 25.02 ಬಂದರೆ ಸವೆತಕ್ಕೆ ಅಂತ ಇರುವ ವೇರ್ ಆಫ್‌ಸೆಟ್‌ನಲ್ಲಿ ಎಕ್ಸ್‌ಗೆ (ದಪ್ಪದ ದಿಕ್ಕು) ಮೈನಸ್ 0.02. ಬೋರ್ ಚಿಕ್ಕದಾದರೆ ಪ್ಲಸ್. ಮೈಕ್ರೋಮೀಟರ್ ನಿಮ್ಮ ಕೈಯಲ್ಲೇ ಇದೆ. ಎಷ್ಟು ಜಾಬ್ ಆದಮೇಲೆ ಎಷ್ಟು ಸರಿಯುತ್ತೆ ಅಂತ ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡಿ. ಸ್ವಲ್ಪ ದಿನದಲ್ಲೇ ರಿಜೆಕ್ಷನ್ ಬರುವ ಮುಂಚೆಯೇ ನಿಮಗೆ ಗೊತ್ತಾಗುತ್ತೆ. ಸೂಪರ್‌ವೈಸರ್ ಕಣ್ಣಿಗೆ ಬೀಳೋದು ಅದೇ.

ಒಂದು ಎಚ್ಚರಿಕೆ: ಕುತೂಹಲಕ್ಕೆ ಅಂತ ಕಂಪನಿಯ ಪ್ರೋಗ್ರಾಂ ಮುಟ್ಟಬೇಡಿ. ಒಂದು ಮೈನಸ್ ಬಿಟ್ಟುಹೋದರೂ ಟೂಲ್‌ಗಳನ್ನು ಹಿಡಿದಿರುವ ಟರೆಟ್ ಹೋಗಿ ಜಾಬ್ ಹಿಡಿದಿರುವ ಚಕ್‌ಗೆ ಗುದ್ದಬಹುದು. ಬರೆದು ನೋಡುವ ಆಸೆ ಇದ್ದರೆ ಮೊದಲು ಕಾಗದದ ಮೇಲೆ, ಆಮೇಲೆ ಕಂಪ್ಯೂಟರ್‌ನ ಸಿಮ್ಯುಲೇಟರ್‌ನಲ್ಲಿ.

ಹೊರಗಡೆ ಕಲಿಯೋಕೆ ದುಡ್ಡು ಸುರಿಯಬೇಕು ಅಂತೇನಿಲ್ಲ. ಎನ್‌ಪಿಟೆಲ್ ಅನ್ನೋ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಪ್ರೊಫೆಸರ್‌ಗಳ ಮ್ಯಾನುಫ್ಯಾಕ್ಚರಿಂಗ್ ಪಾಠಗಳು ಸುಮ್ನೆ ಸಿಗುತ್ತವೆ, ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆ ಶುಲ್ಕ ಕಟ್ಟಬೇಕು. ಇಂಗ್ಲಿಷ್ ಕಷ್ಟ ಆದರೆ ನಿಲ್ಲಿಸಿ ನಿಲ್ಲಿಸಿ ನೋಡಿ. ಮೆಷಿನ್ ಮೇಲೆ ಕೆಲಸ ಮಾಡುವವರಿಗೆ ಅರ್ಧ ಪದಗಳು ಆಗಲೇ ಗೊತ್ತಿರುತ್ತವೆ. ಕೈಯಿಟ್ಟು ಕಲಿಯಬೇಕು ಅಂದರೆ ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ಇದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಸರ್ಕಾರಿ ಸಂಸ್ಥೆ ಅದು. ಕಡಿಮೆ ಅವಧಿಯ ಸಿಎನ್‌ಸಿ ಕೋರ್ಸ್‌ಗಳೂ ಇವೆ. ಬಿ.ಇ. ಮಾಡುವ ಮನಸ್ಸಿದ್ದರೆ ಡಿಪ್ಲೊಮಾ ಆದವರಿಗೆ ಇರುವ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು.

ಇನ್ನೊಂದು ಮಾತು. ನಮ್ಮ ಬದುಕಿನ ಹೊಣೆ ನಾವೇ ಹೊರೋದು ಅಂದರೆ ಸಿಕ್ಕಿದ್ದನ್ನೆಲ್ಲ ಬಾಯಿ ಮುಚ್ಚಿಕೊಂಡು ನುಂಗೋದು ಅಂತ ಅಲ್ಲವೇ ಅಲ್ಲ. ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರೆ ಅದು ನಿಜವಾಗಿ ಜಮಾ ಆಗುತ್ತಿದೆಯಾ ಅಂತ ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ತೆಗೆದು ನೋಡಿ. ಮೂಲ ಅಂಕಪಟ್ಟಿ ಯಾರ ಕೈಗೂ ಕೊಟ್ಟು ಬಿಡಬೇಡಿ, ಜೆರಾಕ್ಸ್ ಸಾಕು. ಓಟಿ ಲೆಕ್ಕವನ್ನು ನೀವೂ ಬರೆದಿಡಿ. ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ಕೇಳುವ ಏಜೆಂಟ್‌ಗಳ ಹತ್ತಿರ ಸುಳಿಯಲೇಬೇಡಿ. ಇದನ್ನೆಲ್ಲ ಕೇಳಿದರೆ ಕೆಲಸ ಹೋಗುತ್ತೇನೋ ಅಂತ ಹೆದರುವವರು ಜಾಸ್ತಿ. ಕೆಲಸ ಕಲಿತವರಿಗೆ ಆ ಹೆದರಿಕೆ ಕಡಿಮೆ, ಯಾಕೆಂದರೆ ಪಕ್ಕದ ಶೆಡ್‌ನಲ್ಲೂ ಸೆಟ್ಟರ್ ಬೇಕಾಗಿರುತ್ತಾರೆ.

ನಿಮ್ಮ ಮೆಷಿನ್‌ನಲ್ಲಿರೋದು ಫಾನಕ್ ಕಂಪನಿಯ ಕಂಟ್ರೋಲಾ (ಮೆಷಿನ್ ನಡೆಸುವ ಕಂಪ್ಯೂಟರ್), ಸೀಮೆನ್ಸ್‌ನದಾ ಅಂತ ತಿಳಿಸಿ. ಕೋಡ್‌ಗಳಲ್ಲಿ ವ್ಯತ್ಯಾಸ ಇದೆ. ಫಾನಕ್ ಲೇತ್‌ನಲ್ಲಿ ಜಿ71 ಅಂದರೆ ರಫಿಂಗ್ ಸೈಕಲ್ (ಹೆಚ್ಚಿನ ಲೋಹವನ್ನು ಮೊದಲು ಒರಟಾಗಿ ತೆಗೆಯೋದು), ಸೀಮೆನ್ಸ್‌ನಲ್ಲಿ ಅದೇ ಜಿ71 ಅಂದರೆ ಅಳತೆ ಮಿಲಿಮೀಟರ್‌ನಲ್ಲಿದೆ ಅಂತ. ನಾನು ಮೇಲೆ ಹೇಳಿದ ಕೋಡ್‌ಗಳು ಫಾನಕ್‌ನವು. ನಿಮ್ಮದು ಯಾವುದು ಅಂತ ಗೊತ್ತಾದರೆ ಎಲ್ಲಿಂದ ಶುರು ಮಾಡಬೇಕು ಅಂತ ಬರೆಯುತ್ತೇನೆ.